ತೊಟ್ಟಿಲಣ್ಣನ ಜೀಪು ದಬ್ ಎಂದದ್ದು

ಮಳೆ ನಿಂತು ಹದಿನೈದು ದಿನವಾಗಿತ್ತು, ಚಳಿ ಇನ್ನೂ ಬಂದಿರಲಿಲ್ಲ. ಬುಧವಾರ, ಬೆಳಿಗ್ಗೆ ಆರೂಕಾಲು ಗಂಟೆ. ಬೀದಿಯ ತಿರುವಿನಲ್ಲಿ ಚರಂಡಿಗೆ ಹಾಸಿದ ಚಪ್ಪಡಿ ಕಲ್ಲು ಯಾವ ಕಾಲದಲ್ಲೋ ಒಂದು ಮಗ್ಗುಲಿಗೆ ಕುಸಿದು ಹಾಗೇ ಇತ್ತು. ಅದರ ಮೇಲೆ ತೊಟ್ಟಿಲಣ್ಣನ ಜೀಪು ಹತ್ತಿತು, ಇಳಿಯಿತು, ಇಳಿಯುವಾಗ "ದಬ್" ಎಂದಿತು.

ಎಂದದ್ದು ಒಂದೇ ಸಲ. ಆ ಒಂದಕ್ಕೇ ಮೂರು ಕಿಟಕಿ ತೆರೆದವು. ಒಂದು ನಾಯಿ ಎದ್ದು ಜಾಗ ಬದಲಾಯಿಸಿ ಮಲಗಿತು. ಕೆಳಗಿನ ಮನೆಯ ಮೇಷ್ಟ್ರು ದಿಂಬಿನ ಅಡಿಯಿಂದ ನೋಟ್ ಪುಸ್ತಕ ತೆಗೆದು, ಕನ್ನಡಕ ತಡಕಿ, ಗಡಿಯಾರ ನೋಡಿ, ಬರೆದುಕೊಂಡರು.

ತೊಟ್ಟಿಲಣ್ಣ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಅವನೇ ಸಂಪಾದಿಸಿದ್ದು. ಇಪ್ಪತ್ತಾರು ವರ್ಷದಿಂದ ಅವನು ಅದೇ ಜೀಪಿನಲ್ಲಿ ಊರ ಹಿಂದಿನ ಗುಡ್ಡ ಹತ್ತಿ, ತುದಿಯ ಸಿಗ್ನಲ್ ಟವರಿಗೆ ಬ್ಯಾಟರಿ, ಡೀಸೆಲ್ ಕ್ಯಾನು, ಅಲ್ಲಿನ ಕಾವಲುಗಾರನಿಗೆ ಕುಡಿಯುವ ನೀರು ಸಾಗಿಸುತ್ತಿದ್ದ. ರಸ್ತೆ ಎಂದರೆ ಕಲ್ಲು, ಕಲ್ಲಿನ ಮಧ್ಯೆ ಗುಂಡಿ, ಗುಂಡಿಯೊಳಗೆ ಮತ್ತೆ ಕಲ್ಲು. ಯಾರು ಕೇಳಲಿ ಬಿಡಲಿ, ಅವನು ಹೇಳುವುದು ಒಂದೇ ಮಾತು: "ನಂದು ಜೀಪಲ್ಲ ಕಣ್ರೀ, ತೊಟ್ಟಿಲು. ಹಸುಗೂಸನ್ನ ಸೀಟಿನ ಮೇಲೆ ಮಲಗಿಸಿ ನೋಡಿ, ತುದಿ ಮುಟ್ಟೋವರೆಗೂ ಏಳಲ್ಲ." ಯಾವ ತಾಯಿಯೂ ಕೂಸನ್ನು ಕೊಟ್ಟು ಪರೀಕ್ಷೆ ಮಾಡಿರಲಿಲ್ಲ. ಹೆಸರು ಮಾತ್ರ ನಿಂತುಬಿಟ್ಟಿತು.

ಈ ತೊಟ್ಟಿಲಿಗೆ ಎರಡು ವರ್ಷದಿಂದ ಏನೋ ಬಡಿದಿತ್ತು. ಹಿಂದೆಲ್ಲ ಒಮ್ಮೆ ಹಾಕಿಸಿದ, ಗಾಡಿಯ ಕುಲುಕಾಟ ನುಂಗುವ ಶಾಕ್ ಅಬ್ಸಾರ್ಬರು ಆರು ವರ್ಷ, ಏಳು ವರ್ಷ ಬಾಳುತ್ತಿತ್ತು. ಈಗ ಐದು ತಿಂಗಳು ತುಂಬುವುದರೊಳಗೆ ಎಣ್ಣೆ ಕಕ್ಕುತ್ತಿತ್ತು. ಮೊದಲು ಕೊಳವೆಯ ಮೇಲೊಂದು ಒದ್ದೆ ಗೆರೆ, ಆಮೇಲೆ ಧೂಳು ಮೆತ್ತಿಕೊಂಡ ಜಿಡ್ಡು, ಆಮೇಲೆ ದಬ್ ಇನ್ನೂ ಜೋರು. ಈ ಬುಧವಾರ ಸತ್ತದ್ದು ಐದನೇ ಜೊತೆ.

ಅವನು ಇಳಿದು, ಬಗ್ಗಿ, ಚಕ್ರದ ಹಿಂದೆ ಕೈ ಹಾಕಿ ನೋಡಿದ. ಬೆರಳಿಗೆ ಎಣ್ಣೆ ಹತ್ತಿತು.

"ಈ ವರ್ಷದಲ್ಲಿ ಎಂಬತ್ತೇಳನೆಯ ದಬ್!" ಎಂದರು ಕಿಟಕಿಯಿಂದ ಮೇಷ್ಟ್ರು.

"ಕಲ್ಲು ಸರಿ ಮಾಡಿಸಿ ಮೇಷ್ಟ್ರೇ, ನನ್ನ ಲೆಕ್ಕ ಯಾಕೆ ಮಾಡ್ತೀರಿ?"

"ಕಲ್ಲು ತನ್ನಷ್ಟಕ್ಕೆ ತಾನು ಬಿದ್ದಿದೆ ಕಣಪ್ಪ. ಸದ್ದು ಮಾಡ್ತಿರೋದು ನೀನು."

ಮೇಷ್ಟ್ರು ಗಣಿತ ಕಲಿಸಿದವರು. ನಿವೃತ್ತಿಯಾದ ಮೇಲೆ ತಪ್ಪು ಹುಡುಕಲು ಉತ್ತರಪತ್ರಿಕೆ ಸಿಗದೆ ಬೀದಿಯ ಸದ್ದಿಗೆ ಕೈ ಹಾಕಿದ್ದರು. ನಾಲ್ಕು ವರ್ಷದಿಂದ ಯಾವ ದಿನ, ಎಷ್ಟು ಗಂಟೆಗೆ, ಯಾರ ಮನೆಯಿಂದ, ಎಂಥ ಸದ್ದು ಬಂತು ಎಂಬುದೆಲ್ಲ ಆ ಪುಸ್ತಕದಲ್ಲಿತ್ತು. ಮೊದಮೊದಲು ಅವರ ಶತ್ರು ಜೀಪಲ್ಲ, ಹೊಲಿಗೆ ಮಿಷನ್ನು. ತೊಟ್ಟಿಲಣ್ಣನ ಹೆಂಡತಿ ಮಹಡಿಯ ಮೇಲೆ ಪರದೆ, ದಿಂಬಿನ ಚೀಲ ಹೊಲಿಯುವವಳು. ಅವಳು ಪೆಡಲು ತುಳಿದರೆ ಮೇಷ್ಟ್ರ ಮನೆಯ ಸೂರಿನಿಂದ ಸುಣ್ಣ ಉದುರಿ ಊಟದ ತಟ್ಟೆಗೆ ಬೀಳುತ್ತಿತ್ತಂತೆ. ದಿನಾ ಜಗಳ. ಕೊನೆಗೆ ತೊಟ್ಟಿಲಣ್ಣ ನಾಲ್ಕು ಕಪ್ಪು ರಬ್ಬರ್ ಗಟ್ಟಿ ತಂದು ಮಿಷನ್ನಿನ ಕಾಲಿನ ಕೆಳಗಿಟ್ಟ. ಸದ್ದು ಅಡಗಿತು.

"ಹಡಗಿನ ಇಂಜಿನ್ ಕೆಳಗೆ ಹಾಕೋ ರಬ್ಬರು ಇದು. ಬಂದರಿನಿಂದ ತರಿಸಿದೆ" ಎಂದು ಹೆಂಡತಿಗೆ ಹೇಳಿದ್ದ. ಮದುವೆಯಾದಾಗಿನಿಂದ ಅವನು ಅವಳಿಗೆ ಕೊಟ್ಟ ಉಡುಗೊರೆ ಅದೊಂದೇ. ಹಾಗಾಗಿ ಬಂದ ನೆಂಟರಿಗೆಲ್ಲ ಆ ಕಥೆ ಹೇಳುತ್ತಿದ್ದ. ಹೇಳುತ್ತ ಹೇಳುತ್ತ ಅವನ ಕಣ್ಣಿಗೆ ಹಡಗೂ ಕಟ್ಟಿತು, ಬಂದರೂ ಕಟ್ಟಿತು.

ಆ ಮಧ್ಯಾಹ್ನ ಜೀಪು ಗ್ಯಾರೇಜಿಗೆ ಹೋಯಿತು. ಜೀಪು ಗ್ಯಾರೇಜಿಗೆ ಬಂದರೆ ಕೆಲಸವಿಲ್ಲದವರಿಗೆಲ್ಲ ಕೆಲಸ ಸಿಗುತ್ತಿತ್ತು. ಎದುರಿನ ಕಟಿಂಗ್ ಶಾಪಿನವರು ಕತ್ತರಿ ಹಿಡಿದೇ ಬಂದರು. ಅವರ ಹಿಂದೆ ಅರ್ಧ ಗಡ್ಡ ಬೋಳಿಸಿಕೊಂಡ ಗಿರಾಕಿ, ಕತ್ತಿಗೆ ಕಟ್ಟಿದ ಬಟ್ಟೆ ಬಿಚ್ಚದೆ ಬಂದ. ತೊಟ್ಟಿಲಣ್ಣನ ಭಾವಮೈದುನ, ಎಂದರೆ ಹೆಂಡತಿಯ ತಮ್ಮ, ತನ್ನ ಹೊಸ ಬಿಳಿ ವ್ಯಾನನ್ನು ಎಲ್ಲರಿಗೂ ಕಾಣುವ ಹಾಗೆ ನಿಲ್ಲಿಸಿ ಬಂದ.

ಗ್ಯಾರೇಜಿನ ಮೇಸ್ತ್ರಿ ಜೀಪಿನ ಮೂಲೆಯನ್ನು ಎರಡೂ ಕೈಯಿಂದ ಅದುಮಿ ಬಿಟ್ಟ. ಜೀಪು ಒಂದು ಸಲ ಕುಣಿದು ನಿಲ್ಲಬೇಕಿತ್ತು. ನಾಲ್ಕು ಸಲ ಕುಣಿಯಿತು.

"ಹೋಗಿದೆ" ಎಂದ.

"ಅದು ನನಗೂ ಗೊತ್ತು. ಯಾಕೆ ಹೋಯ್ತು ಹೇಳು."

"ಭಾರ ಜಾಸ್ತಿ" ಎಂದರು ಕಟಿಂಗ್ ಶಾಪಿನವರು.

"ಕಳಪೆ ಮಾಲು" ಎಂದ ಗಿರಾಕಿ, ಬೋಳಿಸಿದ ಕಡೆಯ ಕೆನ್ನೆ ಸವರಿಕೊಂಡು.

"ವಯಸ್ಸು" ಎಂದ ಭಾವಮೈದುನ. ಜೀಪಿನದೋ ಭಾವನದೋ ಹೇಳಲಿಲ್ಲ.

ಮೇಸ್ತ್ರಿ ಬೆನ್ನಿನ ಮೇಲೆ ಮಲಗಿ ಜೀಪಿನ ಕೆಳಗೆ ಜಾರಿದ. ಅವನ ಅಭ್ಯಾಸವೇ ಹಾಗೆ, ಯಾವುದನ್ನೇ ಆಗಲಿ ಮೇಲಿನಿಂದ ನೋಡಿದರೆ ಅವನಿಗೆ ಅರ್ಥವಾಗುತ್ತಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕೆಳಗಿನಿಂದ ಅವನ ದನಿ ಬಂತು. "ಅಣ್ಣಾ, ಚಕ್ರದ ಆಕ್ಸಲ್ ನೇರಕ್ಕೆ, ಮೇಲ್ಗಡೆ ಚಾಸಿ ಕಬ್ಬಿಣದಲ್ಲಿ ಎರಡೆರಡು ತೂತು ಇದಾವಲ್ಲ. ನಾಲ್ಕೂ ಕಡೆ. ಇವು ಯಾಕೆ?"

ತೊಟ್ಟಿಲಣ್ಣ ಬಗ್ಗಿಯೂ ನೋಡಲಿಲ್ಲ.

"ಗಾಳಿ ಆಡೋಕೆ" ಎಂದ.

"ಚಾಸಿಗೆ ಗಾಳಿ ಯಾಕಣ್ಣ?"

"ಹಳೇ ಕಾಲದ ಕಬ್ಬಿಣ ಕಣೋ ಅದು. ಉಸಿರಾಡುತ್ತೆ."

ಇಷ್ಟು ಖಂಡಿತವಾಗಿ ಹೇಳಿದ ಮೇಲೆ ಮೇಸ್ತ್ರಿ ಏನು ಮಾಡಿಯಾನು? ಆ ಮಾದರಿಯ ಬೇರೆ ಜೀಪುಗಳೆಲ್ಲ ಗುಜರಿಗೆ ಹೋಗಿದ್ದವು. ಅವನ ಜೀವನದಲ್ಲಿ ಅವನು ನೋಡಿದ್ದು ಇದೊಂದನ್ನೇ. ನಾಲ್ಕು ಬೆರಳಿಟ್ಟು ತೂತಿನ ಅಂತರ ಅಳೆದು, "ಎಂಥಾ ಕಾಲ" ಎಂದು ನಿಟ್ಟುಸಿರು ಬಿಟ್ಟು, ಸತ್ತ ಶಾಕ್ ಬಿಚ್ಚಿಕೊಂಡು ಹೊರಗೆ ಬಂದ.

ಅದನ್ನು ಬೆಂಚಿಗೆ ಕಚ್ಚಿಸಿ ಗರಗಸದಿಂದ ಎರಡು ಹೋಳು ಮಾಡಿದಾಗ ಎಲ್ಲರೂ ಕತ್ತು ಚಾಚಿದರು. ಒಳಗಿನ ದಂಡ ಬಾಗಿತ್ತು. ತಳದಲ್ಲಿದ್ದ ಸಣ್ಣ ವಾಲ್ವು ಪುಡಿಪುಡಿ.

"ನೋಡಿ" ಎಂದ ಮೇಸ್ತ್ರಿ. "ಚಕ್ರ ಮೇಲೆ ಬಂದಾಗ ಶಾಕ್ ಮುದುಡುತ್ತೆ. ಮುದುಡಬೇಕು, ಆದರೆ ತಳ ಮುಟ್ಟಬಾರದು. ಇದು ತಳಕ್ಕೇ ಹೋಗಿ ಗುದ್ದಿದೆ. ಮತ್ತೆ ಮತ್ತೆ ಗುದ್ದಿದೆ. ಹಳೇ ನಾಲ್ಕು ಸಲದ್ದೂ ಹೀಗೇ ಸತ್ತಿದ್ದು. ತಳ ಮುಟ್ಟೋಕೆ ಮೊದಲೇ ಚಕ್ರಾನ ಏನಾದರೂ ನಿಲ್ಲಿಸಬೇಕಿತ್ತು."

"ಏನು ನಿಲ್ಲಿಸಬೇಕಿತ್ತು?"

ಮೇಸ್ತ್ರಿ ತಲೆ ಕೆರೆದುಕೊಂಡ. "ಬ್ರೇಕು" ಎಂದ.

ಎಲ್ಲರೂ ತೊಟ್ಟಿಲಣ್ಣನ ಬಲಗಾಲನ್ನು ನೋಡಿದರು.

"ಭಾವ, ಬೇಜಾರು ಮಾಡ್ಕೋಬೇಡಿ" ಎಂದ ಭಾವಮೈದುನ, "ಗುಂಡಿ ಬಂದಾಗ ಸ್ವಲ್ಪ ನಿಧಾನ..."

"ನಿಧಾನವೇ? ನನ್ನ ಜೀಪನ್ನ ಗುಡ್ಡದ ಮೇಲೆ ಇರುವೆ ಹಿಂದೆ ಹಾಕುತ್ತೆ ಕಣೋ! ಇಪ್ಪತ್ತಾರು ವರ್ಷ ಗುಂಡಿಗೆ ನೋವಾಗದ ಹಾಗೆ ಓಡಿಸಿದೀನಿ. ನನ್ನ ಓಡಿಸೋದರಲ್ಲಿ ತಪ್ಪಿಲ್ಲ. ಇದನ್ನ ನಾನು ಯಾರ ಮುಂದೆ ಬೇಕಾದರೂ, ಯಾವ ಆಫೀಸಿನಲ್ಲಿ ಬೇಕಾದರೂ ಹೇಳ್ತೀನಿ!"

ಯಾವ ಆಫೀಸಿಗೂ ಅವನು ಹೋಗಬೇಕಾಗಲಿಲ್ಲ. ಆಫೀಸೇ ಅವನ ಹತ್ತಿರ ಬಂತು.

ಶುಕ್ರವಾರ ಬೆಳಿಗ್ಗೆ ಟವರ್ ಕಚೇರಿಯ ಇಂಜಿನಿಯರ್ ಸಾಹೇಬರು ಬಂದಿಳಿದರು. ಒಂದು ಕೈಯಲ್ಲಿ ಮೇಷ್ಟ್ರು ಬರೆದ ಅರ್ಜಿ. ಅದಕ್ಕೆ ಎಂಬತ್ತೇಳು ದಬ್ಬುಗಳ ಪಟ್ಟಿ ಲಗತ್ತಿಸಿತ್ತು. ಇನ್ನೊಂದು ಕೈಯಲ್ಲಿ ಭಾವಮೈದುನ ಬರೆದ ಕಾಗದ. ತನ್ನ ವ್ಯಾನು ಸಿದ್ಧವಾಗಿದೆ ಎಂದು.

"ಬ್ಯಾಟರಿಗಳು ಮೇಲೆ ಬರೋವಷ್ಟರಲ್ಲಿ ಬಿರುಕು ಬಿಡ್ತಿವೆ. ಬೀದಿಯವರು ನೆಮ್ಮದಿ ಹೋಯ್ತು ಅಂತಿದ್ದಾರೆ. ನಿಮ್ಮ ಕೈ ಒರಟಾಗಿದೆಯಂತೆ?"

ತೊಟ್ಟಿಲಣ್ಣ ಒಳಗೆ ಹೋದ. ಒಂದು ಸ್ಟೀಲ್ ಲೋಟದ ತುಂಬ ನೀರು ತಂದು ಸಾಹೇಬರ ಕೈಗೆ ಕೊಟ್ಟ. "ಹತ್ತಿ ಸಾರ್. ನಿನ್ನೆ ತಾನೇ ಹೊಸ ಶಾಕ್ ಹಾಕಿಸಿದೀನಿ. ಒಂದು ಹನಿ ಚೆಲ್ಲಿದರೆ ಕೇಳಿ."

ಹೆಂಡತಿ ಮಹಡಿಯಿಂದ, "ರೀ, ಅರ್ಧ ಲೋಟ ಸಾಕಾಗ್ತಿತ್ತು" ಎಂದಳು. ಅವನು ಕೇಳಿಸದವನ ಹಾಗೆ ಗೇರು ಹಾಕಿದ.

ಹೊಸ ಶಾಕು, ಹಳೇ ದಬ್ಬು. ಚಪ್ಪಡಿ ಕಲ್ಲಿನ ಮೇಲೆ ಸಾಹೇಬರ ತೋಳು ತೊಯ್ದಿತು. ಗುಡ್ಡದ ಮೊದಲ ತಿರುವಿನಲ್ಲಿ ಎದೆ ತೊಯ್ದಿತು. ಮೂರನೇ ತಿರುವಿನ ದೊಡ್ಡ ಗುಂಡಿಯಲ್ಲಿ ಸಾಹೇಬರು ಸೀಟು ಬಿಟ್ಟು ಮೇಲೆದ್ದರು, ಟಾಪಿನ ಕಬ್ಬಿಣದ ಸರಳಿಗೆ ತಲೆ ಬಡಿಸಿಕೊಂಡರು, ಮತ್ತೆ ಸೀಟಿಗೆ ಬಂದರು. ಲೋಟ ಕೈಯಲ್ಲೇ ಇತ್ತು. ಅದು ಒಣಗಿತ್ತು.

"ತೊಟ್ಟಿಲಲ್ಲಿ ಹಾಕಿ ಸ್ನಾನ ಮಾಡಿಸೋದು ನಿಮ್ಮ ಪದ್ಧತಿಯೇನ್ರೀ?" ಎಂದರು ಸಾಹೇಬರು, ಮೂಗಿನಿಂದ ನೀರು ತೊಟ್ಟಿಕ್ಕುತ್ತಿರಲು.

"ನೀವು ಲೋಟ ಸರಿಯಾಗಿ ಹಿಡೀಲಿಲ್ಲ ಸಾರ್."

"ಏನಂದ್ರಿ?"

"ನನ್ನ ಓಡಿಸೋದರಲ್ಲಿ ತಪ್ಪಿಲ್ಲ ಸಾರ್. ಗಾಡಿಯೊಳಗೆ ಏನೋ ಇದೆ. ಅಥವಾ ಏನೋ ಇಲ್ಲ."

ಈ ಮಾತಿನಲ್ಲಿ ಎಷ್ಟು ಸತ್ಯವಿದೆ ಎಂದು ಆಡಿದವನಿಗೇ ಗೊತ್ತಿರಲಿಲ್ಲ. ಸಾಹೇಬರು ಕರವಸ್ತ್ರ ಹಿಂಡಿ ಹೇಳಿದರು: "ಸೋಮವಾರ ಬೆಳಿಗ್ಗೆ ಎಂಟು ಗಂಟೆ. ಇದೇ ರಸ್ತೆ, ಇದೇ ಲೋಟ. ಇನ್ನೊಂದು ದಬ್ ಅಂದರೆ ಮಂಗಳವಾರದಿಂದ ನಿಮ್ಮ ಭಾವಮೈದುನನ ವ್ಯಾನು. ನಿಮ್ಮ ಜೀಪು ಗುಜರಿಗೆ."

ಶನಿವಾರ ತೊಟ್ಟಿಲಣ್ಣ ಕೆಲಸಕ್ಕೆ ಹೋಗಲಿಲ್ಲ. ಸತ್ತ ಐದು ಜೊತೆ ಶಾಕುಗಳನ್ನು ಮಹಡಿಯ ಮೆಟ್ಟಿಲ ಮೇಲೆ ಸಾಲಾಗಿ ನಿಲ್ಲಿಸಿ, ಅವುಗಳ ಎದುರು ಕೂತ. ಮೇಲೆ ಹೆಂಡತಿ ಸದ್ದಿಲ್ಲದೆ ಹೊಲಿಯುತ್ತಿದ್ದಳು. ಆಸ್ಪತ್ರೆಯೊಂದರಿಂದ ನೂರಿಪ್ಪತ್ತು ಪರದೆಯ ಕೆಲಸ ಬಂದಿತ್ತು.

"ಸ್ವಲ್ಪ ನಿಧಾನ ಓಡಿಸ್ತೀನಿ ಅಂತ ಒಂದು ಮಾತು ಹೇಳಿಬಿಡಿ. ನಿಮ್ಮ ಗಂಟೇನು ಹೋಗುತ್ತೆ?" ಎಂದಳು.

"ಇದಕ್ಕಿಂತ ನಿಧಾನ ಅಂದರೆ ಜೀಪು ನಿಲ್ಲಿಸಿ ನಾನು ಹೊತ್ಕೊಂಡು ಹೋಗಬೇಕು."

"ಹಾಗಾದರೆ ಜೀಪು ಹೋಗುತ್ತೆ."

"ಹೋಗಲಿ. ಒರಟ ಅನ್ನಿಸ್ಕೊಂಡು ಹೋಗಲ್ಲ ನಾನು."

ಸಂಜೆ ನಾಲ್ಕರ ಹೊತ್ತಿಗೆ ಮೇಸ್ತ್ರಿ ಬಂದ. ಬಂದದ್ದು ಶಾಕಿನ ವಿಷಯಕ್ಕಲ್ಲ, ಹರಿದ ಸೀಟು ಕವರಿಗೆ ಹೊಲಿಗೆ ಹಾಕಿಸಲು. ಹೆಂಡತಿ ಕುರ್ಚಿ ತೋರಿಸಿದಳು. ಮೇಸ್ತ್ರಿ ಕೂತ, ಮಿಷನ್ನು ನೋಡಿದ, ಚಡಪಡಿಸಿದ. ಸದ್ದಿಲ್ಲದೆ ಓಡುವ ಯಂತ್ರವನ್ನು ಕಂಡರೆ ಅವನಿಗೆ ತಡೆಯಲಾಗದು. ಎದ್ದು, ನೆಲದ ಮೇಲೆ ಅಂಗಾತ ಮಲಗಿ, ಮಿಷನ್ನಿನ ಕೆಳಗೆ ತಲೆ ತೂರಿಸಿದ.

"ಅಯ್ಯೋ, ಇದೇನಪ್ಪ ಇದು!" ಎಂದು ಹೆಂಡತಿ ಕಾಲು ಹಿಂದಕ್ಕೆಳೆದುಕೊಂಡಳು.

"ಅಕ್ಕಾ, ಹೊಲಿಗೆ ಮಿಷನ್ನಿಗೆ ಬಂಪ್ ರಬ್ಬರು ಹಾಕಿದಾರಲ್ಲ, ಯಾರು ಹಾಕಿದ್ದು?"

"ಅದು ಹಡಗಿನದು. ಬಂದರಿನಿಂದ ಬಂದಿದ್ದು."

"ಹಡಗಿಗೆ ಆಕ್ಸಲ್ ಎಲ್ಲಿದೆ ಅಕ್ಕಾ?" ಮೇಸ್ತ್ರಿಯ ದನಿ ನಿಧಾನವಾಯಿತು. "ಚಕ್ರ ಜಾಸ್ತಿ ಮೇಲೆ ಬರದ ಹಾಗೆ, ಆಕ್ಸಲ್ ಬಂದು ಬಡಿಯೋ ಜಾಗಕ್ಕೆ ಹಾಕೋ ರಬ್ಬರು ಇದು. ಕಬ್ಬಿಣದ ತಗಡಿದೆ. ತಗಡಿಗೆ ಎರಡು ತೂತಿದೆ." ಆಮೇಲೆ ಒಂದು ಎಣ್ಣೆಗೈ ಹೊರಗೆ ಬಂತು, ನಾಲ್ಕು ಬೆರಳು ಅಗಲಿಸಿ. "ನಾಲ್ಕು ಬೆರಳು ಅಂತರ! ಅಣ್ಣಾ! ಅಣ್ಣಾ, ಬನ್ನಿ ಇಲ್ಲಿ! ನಿಮ್ಮ ಜೀಪು ಉಸಿರಾಡೋ ತೂತು!"

ಮೆಟ್ಟಿಲ ಮೇಲಿದ್ದ ತೊಟ್ಟಿಲಣ್ಣ ಒಳಗೆ ಬಂದು ಬಾಗಿಲ ಹತ್ತಿರವೇ ನಿಂತ. ಅಷ್ಟು ಹೊತ್ತಿಗೆ ಅವನ ಕಣ್ಣ ಮುಂದಿನಿಂದ ಬಂದರು ಹೋಗಿತ್ತು, ಹಡಗು ಮುಳುಗಿತ್ತು. ಎರಡು ವರ್ಷದ ಹಿಂದಿನ ಒಂದು ಶನಿವಾರ, ಸ್ಪ್ಯಾನರ್ ಹಿಡಿದು ಜೀಪಿನ ಕೆಳಗೆ ಮಲಗಿ, "ಏನೂ ಕೆಲಸ ಮಾಡದೆ ಸುಮ್ಮನೆ ನೇತಾಡ್ತಿದಾವಲ್ಲ ಇವು" ಎಂದುಕೊಂಡು ನಾಲ್ಕು ಗಟ್ಟಿ ಬಿಚ್ಚಿಕೊಂಡವನು ಅವನ ನೆನಪಿಗೆ ಬಂದ. ಆ ಮನುಷ್ಯನ ಮುಖ ತನ್ನದೇ ಇತ್ತು.

"ಬೇರೆ ಗಾಡಿಗಳಲ್ಲಿ ಇರುತ್ತೆ ಇದು," ಮೇಸ್ತ್ರಿ ಎದ್ದು ಕೂತು ಹೇಳಿದ. "ಇಷ್ಟು ಹಳೇದರಲ್ಲಿ ಇದ್ದೇ ಇಲ್ಲ ಅಂದ್ಕೊಂಡೆ. ನೀವೇ ಗಾಳಿಗೆ ಅಂದ್ರಲ್ಲಣ್ಣ!"

ತೊಟ್ಟಿಲಣ್ಣ ಮೇಸ್ತ್ರಿಯ ಕಡೆ ನೋಡಲಿಲ್ಲ. ಹೆಂಡತಿಯ ಕಡೆ ನೋಡಿದ. ಶಾಕ್ ಹೋದರೆ ತರಬಹುದು, ಜೀಪು ಹೋದರೂ ಹೋಗಲಿ. ಇರುವ ಒಂದೇ ಉಡುಗೊರೆಯ ಕಥೆ ಹೋದರೆ ಎಲ್ಲಿಂದ ತರುವುದು?

"ಬಂದರು..." ಎಂದು ಶುರು ಮಾಡಿದ.

"ಬಂದರು ಇರಲಿ ಬಿಡಿ" ಎಂದಳು ಹೆಂಡತಿ, ಹಲ್ಲಿನಿಂದ ನೂಲು ಕಡಿಯುತ್ತ. "ಅವತ್ತು ಇವನ್ನ ತೊಳೆದವಳು ನಾನು. ಬೆರಳು ದಪ್ಪ ಕೆಂಪು ಕೆಸರು ಮೆತ್ತಿತ್ತು. ಗುಡ್ಡದ ಕೆಸರು. ಸಮುದ್ರದಲ್ಲಿ ಅದೆಲ್ಲಿಂದ ಬಂತು ಅಂತ ನಾನು ಕೇಳಲಿಲ್ಲ."

"ಯಾಕೆ ಕೇಳಲಿಲ್ಲ?"

"ಇಪ್ಪತ್ತೊಂದು ವರ್ಷಕ್ಕೆ ಒಂದು ಕೊಟ್ಟಿದ್ರಿ. ಕೇಳಿ ಅದನ್ನೂ ಕಳ್ಕೊಳ್ಳಲಾ? ಅದು ಅಲ್ಲಿ ಇಷ್ಟು ದೊಡ್ಡ ಕೆಲಸ ಮಾಡುತ್ತೆ ಅಂತ ನನಗೇನು ಗೊತ್ತು? ನಿಮಗೇ ಗೊತ್ತಿರಲಿಲ್ಲ."

ಮೇಸ್ತ್ರಿ ಸೀಟು ಕವರನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

"ತೆಗೀರಿ ಅವನ್ನ" ಎಂದು ಹೆಂಡತಿ ಎದ್ದು, ಮಿಷನ್ನಿನ ಒಂದು ಮೂಲೆಯನ್ನು ತಾನೇ ಎತ್ತಿ ಹಿಡಿದಳು. "ನನ್ನ ಗಂಡನ್ನ ಒರಟ ಅಂತ ಬರೆದುಕೊಟ್ಟವರು ಕೆಳಗಡೆ ಇದಾರಲ್ಲ, ಅವರು ಸ್ವಲ್ಪ ಮಿಷನ್ನು ಕೇಳಲಿ."

ರಬ್ಬರು ನಾಲ್ಕೂ ಮೇಸ್ತ್ರಿಯ ಚೀಲಕ್ಕೆ ಹೋದವು. ಹೆಂಡತಿ ಸೀರೆಯ ಸೆರಗು ಸಿಕ್ಕಿಸಿ ಕೂತು ಪೆಡಲು ತುಳಿದಳು. ಬರಿಯ ನೆಲದ ಮೇಲೆ ಕಬ್ಬಿಣದ ಕಾಲು ಕುಣಿದ ಸದ್ದಿಗೆ ಗೋಡೆಯ ಗಡಿಯಾರ ವಾರೆಯಾಯಿತು. ಅರ್ಧ ಪರದೆ ಮುಗಿಯುವುದರೊಳಗೆ ಮೇಷ್ಟ್ರು ಮೆಟ್ಟಿಲೇರಿ ಬಂದರು. ತಲೆಯ ಮೇಲೆ ಸುಣ್ಣದ ಪುಡಿ, ಕೈಯಲ್ಲಿ ನೋಟ್ ಪುಸ್ತಕ. ಮೆಟ್ಟಿಲ ಮೇಲಿನ ಎರಡು ಶಾಕ್ ಅವರ ಕಾಲಿಗೆ ತಾಗಿ ಉರುಳಿ ಬೀದಿಗೆ ಹೋದವು.

"ಮತ್ತೆ ಶುರು! ಎರಡು ವರ್ಷ ನಿಂತಿದ್ದು ಮತ್ತೆ ಶುರು!" ಮೇಷ್ಟ್ರು ಹಾಳೆ ಮಗುಚಿ ಬೆರಳಿಟ್ಟರು. "ಇಲ್ಲಿದೆ ನೋಡಿ ದಾಖಲೆ. ಎರಡು ವರ್ಷದ ಹಿಂದೆ, ಶನಿವಾರ, ಸಂಜೆ ನಾಲ್ಕು ಇಪ್ಪತ್ತು. ಮೇಲಿನ ಮನೆಯ ಹೊಲಿಗೆ ಸದ್ದು ನಿಂತಿತು. ನೆಮ್ಮದಿ. 'ನೆಮ್ಮದಿ' ಅಂತ ಕೆಂಪು ಶಾಯಿಯಲ್ಲಿ ಬರೆದಿದ್ದೆ ನಾನು!"

ತೊಟ್ಟಿಲಣ್ಣ ಅವರ ಬೆರಳಿನ ಕೆಳಗಿನ ಸಾಲು ನೋಡಿದ. ಬಗ್ಗಿ ನೋಡಿದ. ಪುಸ್ತಕವನ್ನು ಮೇಷ್ಟ್ರ ಕೈಯಿಂದ ಕಿತ್ತೇಬಿಟ್ಟ.

"ಸೋಮವಾರ, ಬೆಳಿಗ್ಗೆ ಆರೂಕಾಲು" ಎಂದು ದೊಡ್ಡ ದನಿಯಲ್ಲಿ ಓದಿದ. "ಮೇಲಿನ ಮನೆಯ ಜೀಪು. ಚರಂಡಿ ಕಲ್ಲಿನ ಮೇಲೆ ದಬ್. ಮೊದಲ ಸಲ. ಮೊದಲ ಸಲ! ಮೇಷ್ಟ್ರೇ, 'ಮೊದಲ ಸಲ' ಅಂತ ನೀವೇ ಬರೆದಿದೀರಿ!"

"ಬರೆದಿರಬಹುದು. ಅದಕ್ಕೇನೀಗ?"

"ಅದಕ್ಕೆ ಹಿಂದೆ?" ಅವನು ಹಾಳೆಗಳನ್ನು ಹಿಂದಕ್ಕೆ ಮಗುಚಿದ. ನೀರಿನ ಪಂಪು, ಕಟಿಂಗ್ ಶಾಪಿನ ರೇಡಿಯೋ, ಯಾರದೋ ಕೆಮ್ಮು, ಹೊಲಿಗೆ, ಹೊಲಿಗೆ, ಮತ್ತೆ ಹೊಲಿಗೆ. "ಇದಕ್ಕೆ ಹಿಂದಿನ ಎರಡು ವರ್ಷದಲ್ಲಿ ನನ್ನ ಜೀಪೇ ಇಲ್ಲ! ಅದೇ ಕಲ್ಲು, ಅದೇ ಹೊತ್ತು, ಅದೇ ಕಾಲು. ಒಂದು ಸದ್ದೂ ಇಲ್ಲ! ನಿಮ್ಮ ಕೈಬರಹದಲ್ಲೇ ಇದೆ ಮೇಷ್ಟ್ರೇ, ನನ್ನ ಓಡಿಸೋದರಲ್ಲಿ ತಪ್ಪಿಲ್ಲ!"

ಅವನ ಕಣ್ಣಲ್ಲಿ ನೀರು ಬಂದಿತ್ತು. ಅದು ಮೇಲಿನಿಂದ ಉದುರಿದ ಸುಣ್ಣದಿಂದ ಎಂದು ಆಮೇಲೆ ಹೇಳಿದ. ಆದರೆ ಮಹಡಿಯ ಮೇಲೆ ಸುಣ್ಣ ಉದುರುತ್ತಿರಲಿಲ್ಲ.

"ಪುಸ್ತಕ ಕೊಡು" ಎಂದರು ಮೇಷ್ಟ್ರು.

"ಸೋಮವಾರದವರೆಗೆ ಕೊಡಲ್ಲ."

"ನನ್ನ ಪುಸ್ತಕ ನನ್ನ ಕಣ್ಣು ಬಿಟ್ಟು ಹೋಗಲ್ಲ. ಬೇಕಾದರೆ ಸೋಮವಾರ ನಾನೇ ಹಿಡ್ಕೊಂಡು ಬಂದು ನಿಂತ್ಕೋತೀನಿ."

ಹೀಗೆ, ವಿರುದ್ಧವಾಗಿ ಅರ್ಜಿ ಬರೆದವರೇ ಸಾಕ್ಷಿಯಾಗಲು ಒಪ್ಪಿಕೊಂಡುಬಿಟ್ಟರು. ಬಾಯಿಂದ ಬಿದ್ದ ಮಾತನ್ನು ವಾಪಸು ತೆಗೆದುಕೊಳ್ಳುವ ಅಭ್ಯಾಸ ಗಣಿತದವರಿಗೆ ಇರಲಿಲ್ಲ.

ಭಾನುವಾರ ಮೇಸ್ತ್ರಿ ಜೀಪಿನ ಕೆಳಗೆ ಮಲಗಿ ನಾಲ್ಕು ರಬ್ಬರನ್ನೂ ಅವುಗಳ ಜಾಗಕ್ಕೆ ಬಿಗಿದ. ಎರಡು ದಿನದಲ್ಲೇ ಪೆಟ್ಟು ತಿಂದಿದ್ದ ಹೊಸ ಶಾಕನ್ನು ತಡವಿ ನೋಡಿ, "ಬದುಕಿದೆ" ಎಂದ. ತೊಟ್ಟಿಲಣ್ಣ ಬೋಲ್ಟು ಒಂದೊಂದನ್ನೂ ತಾನೇ ಮತ್ತೊಮ್ಮೆ ಮುಟ್ಟಿ ನೋಡಿದ. ಬಿಚ್ಚಬೇಡಿ ಎಂದು ಮೇಸ್ತ್ರಿ ಅವನ ಸ್ಪ್ಯಾನರ್ ಇಸಿದುಕೊಂಡ.

ಸೋಮವಾರ ಎಂಟು ಗಂಟೆಗೆ ಬೀದಿ ತುಂಬಿತ್ತು. ಕಟಿಂಗ್ ಶಾಪು ಬಾಗಿಲು ತೆಗೆದಿರಲಿಲ್ಲ. ಭಾವಮೈದುನನ ವ್ಯಾನು ಫಳಫಳ ಹೊಳೆಯುತ್ತಿತ್ತು. ಅದರ ಬಾಗಿಲ ಮೇಲೆ 'ಟವರ್ ಸೇವೆಯಲ್ಲಿ' ಎಂದು ದಪ್ಪ ನೀಲಿ ಅಕ್ಷರದಲ್ಲಿ ಆಗಲೇ ಬರೆಸಿಯಾಗಿತ್ತು. ಇಂಜಿನಿಯರ್ ಸಾಹೇಬರು ಹೆಲ್ಮೆಟ್ ಹಾಕಿಕೊಂಡು, ಹೆಗಲ ಮೇಲೆ ಟವೆಲ್ ಹೊದ್ದು ಬಂದರು.

ಮೇಷ್ಟ್ರು ಚಪ್ಪಡಿ ಕಲ್ಲಿನ ಪಕ್ಕದಲ್ಲಿ, ಕಿವಿಯನ್ನು ಕಲ್ಲಿನ ಕಡೆಗೆ ತಿರುಗಿಸಿ, ಪೆನ್ಸಿಲ್ ಎತ್ತಿ ಹಿಡಿದು ನಿಂತರು.

ಜೀಪು ಕಲ್ಲು ಹತ್ತಿತು. ಇಳಿಯಿತು. ತುಪ್ಪಳದ ಮೇಲೆ ಬೆಕ್ಕು ಕಾಲಿಟ್ಟ ಹಾಗೆ ಏನೋ ಆಯಿತು, ಅಷ್ಟೆ. ಮೇಷ್ಟ್ರ ಪೆನ್ಸಿಲ್ ಎತ್ತಿದಲ್ಲೇ ಇತ್ತು.

"ಬರೀರಿ ಮೇಷ್ಟ್ರೇ!" ತೊಟ್ಟಿಲಣ್ಣ ಜೀಪಿನಿಂದ ಕೂಗಿದ.

"ಏನು ಬರೀಲಿ? ಕೇಳಿಸಿದರಲ್ಲವಾ ಬರೆಯೋದು!" ಎಂದರು ಮೇಷ್ಟ್ರು ಸಿಟ್ಟಿನಿಂದ.

ಮೊದಲ ತಿರುವು ದಾಟಿತು. ಮೂರನೇ ತಿರುವಿನ ದೊಡ್ಡ ಗುಂಡಿ ಬಂದಾಗ ಸಾಹೇಬರು ಒಂದು ಕೈಯಿಂದ ಹೆಲ್ಮೆಟ್ ಅದುಮಿ ಕಣ್ಣು ಮುಚ್ಚಿದರು. ಜೀಪು ಕುಸಿಯಿತು, ಕೆಳಗೆಲ್ಲೋ ರಬ್ಬರಿಗೆ ಏನೋ ಒರಗಿ ನಿಂತಿತು, ಮತ್ತೆ ಎದ್ದಿತು. ಸಾಹೇಬರು ಕಣ್ಣು ಬಿಟ್ಟಾಗ ಗುಂಡಿ ಹಿಂದೆ ಹೋಗಿತ್ತು. ತುದಿ ಮುಟ್ಟಿದಾಗ ಲೋಟದಲ್ಲಿ ಮುಕ್ಕಾಲು ನೀರಿತ್ತು. ಸಾಹೇಬರು ಅದನ್ನು ಗಟಗಟ ಕುಡಿದರು.

ಕೆಳಗೆ ಬಂದ ಮೇಲೆ ಅವರು ಮೇಷ್ಟ್ರ ಪುಸ್ತಕದ ಎರಡೂ ಸಾಲನ್ನು ಓದಿದರು, ಮೇಸ್ತ್ರಿ ತಂದಿದ್ದ ಹೋಳಾದ ಶಾಕ್ ನೋಡಿದರು, ಬಗ್ಗಿ ರಬ್ಬರು ಮುಟ್ಟಿದರು. "ಅಂದರೆ ಇವನ್ನ ಬಿಚ್ಚಿದವರು ನೀವೇ?"

ಬೀದಿಯವರೆಲ್ಲ ಒಂದು ಹೆಜ್ಜೆ ಹತ್ತಿರ ಬಂದರು.

"ನಾನೇ ಸಾರ್."

"ಮತ್ತೆ ಮೊನ್ನೆ ತಪ್ಪಿಲ್ಲ ಅಂದ್ರಿ?"

"ಓಡಿಸೋದರಲ್ಲಿ ತಪ್ಪಿಲ್ಲ ಅಂದಿದ್ದೆ ಸಾರ್. ಬಿಚ್ಚೋದರಲ್ಲಿ ತಪ್ಪಿಲ್ಲ ಅಂತ ಯಾವತ್ತು ಅಂದಿದೀನಿ?"

ಸಾಹೇಬರು ಜೇಬಿನಿಂದ ಪೆನ್ನು ತೆಗೆದರು. ಆಮೇಲೆ ಫಾರಂ ತೆಗೆದರು. "ಗಾಡಿ ಮುಂದುವರಿಯಲಿ ಅಂತ ಬರೀತೀನಿ. ಆದರೆ ಕೆಟ್ಟಿದ್ದಕ್ಕೆ ಕಾರಣ ಏನು ಅಂತ ಇಲ್ಲೊಂದು ಖಾಲಿ ಜಾಗ ಇದೆಯಲ್ಲ. ಏನು ಬರೀಲಿ?"

"ಗಾಳಿ ಆಡೋ ತೂತು ಮುಚ್ಚಲಾಗಿದೆ ಅಂತ ಬರೀರಿ ಸಾರ್" ಎಂದ ತೊಟ್ಟಿಲಣ್ಣ, ಎದೆ ಸೆಟೆಸಿ.

ಸಾಹೇಬರು ಹಾಗೇ ಬರೆದರು. ಆ ಫಾರಂ ಈಗಲೂ ಯಾವುದೋ ಕಪಾಟಿನಲ್ಲಿ ಇದ್ದೇ ಇರುತ್ತದೆ. ಭಾವಮೈದುನ ನೀಲಿ ಅಕ್ಷರ ಅಳಿಸಲು ಸೀಮೆಎಣ್ಣೆ ಹಚ್ಚಿ ತಿಕ್ಕಿದ; ಅಕ್ಷರದ ಜೊತೆಗೆ ಬಿಳಿ ಬಣ್ಣವೂ ಎದ್ದು ಬಂತು.

ಇನ್ನು ಉಳಿದದ್ದು ಮೇಷ್ಟ್ರ ಪಾಡು. ಮೇಲೆ ನೂರಿಪ್ಪತ್ತು ಪರದೆಯಲ್ಲಿ ಎಂಬತ್ತು ಬಾಕಿ. ಬೆಳಿಗ್ಗೆ ಏಳಕ್ಕೆ ಕೂತರೆ ಹೆಂಡತಿ ಸಂಜೆ ಏಳುವಳು. ಮೇಷ್ಟ್ರು ತಟ್ಟೆಗೆ ಕೊಡೆ ಹಿಡಿದು ಊಟ ಮಾಡಿ ನೋಡಿದರು. ಮಂಗಳವಾರ ಮಹಡಿ ಹತ್ತಿ ಬಂದು, ಬಾಗಿಲಲ್ಲಿ ನಿಂತು ಮೆತ್ತಗೆ ಕೇಳಿದರು: "ಅಮ್ಮಾ, ಆ ರಬ್ಬರು..."

"ಗಾಡಿಗೆ ಹೋಯ್ತು ಮೇಷ್ಟ್ರೇ. ನಿಮ್ಮ ಅರ್ಜಿ ನೋಡಿ ಸರಿ ಮಾಡಿದ್ವಿ" ಎಂದಳು ಹೆಂಡತಿ, ಕಾಲು ನಿಲ್ಲಿಸದೆ.

"ಬಂದರಿಗೆ ಬರೆದು ಬೇರೆ ತರಿಸ್ತೀನಿ" ಎಂದ ತೊಟ್ಟಿಲಣ್ಣ ಗಂಭೀರವಾಗಿ.

"ಈ ಸಲ ತೊಳೆದು ಕೊಡಿ" ಎಂದಳು ಹೆಂಡತಿ.

ಮೇಷ್ಟ್ರ ತಂಗಿಯ ಮನೆ ಗುಡ್ಡದ ಆಚೆ ಮಗ್ಗುಲಿಗೆ. ಪರದೆ ಮುಗಿಯುವವರೆಗೆ ಅಲ್ಲಿಗೆ ಹೋಗಿರುವುದೆಂದು ತೀರ್ಮಾನವಾಯಿತು. ಗುಡ್ಡ ದಾಟಿ ಅಭ್ಯಾಸವಿದ್ದ ಗಾಡಿ ಊರಿಗೆಲ್ಲ ಒಂದೇ. ಮೇಷ್ಟ್ರು ಆ ಮಾತನ್ನು ಬಾಯಿಬಿಟ್ಟು ಕೇಳುವವರೆಗೆ ತೊಟ್ಟಿಲಣ್ಣ ಏನೂ ಅರ್ಥವಾಗದವನ ಹಾಗೆ ಜೀಪಿನ ಗಾಜು ಒರೆಸುತ್ತಿದ್ದ. ಕೇಳಿದ ಮೇಲೆ, "ಪುಸ್ತಕ ತನ್ನಿ ಮೇಷ್ಟ್ರೇ. ದಾರಿಯುದ್ದಕ್ಕೂ ಆದ ಸದ್ದೆಲ್ಲ ಬರೀರಿ. ಒಂದನ್ನೂ ಬಿಡಬೇಡಿ" ಎಂದ.

"ಬಿಡ್ತೀನಾ?" ಎಂದರು ಮೇಷ್ಟ್ರು.

ಅವರು ಹೊರಟದ್ದು ಬುಧವಾರ, ಬೆಳಿಗ್ಗೆ ಆರೂಕಾಲಕ್ಕೆ, ಒಂದು ಪೆಟ್ಟಿಗೆ ಮತ್ತು ಒಂದು ಕೊಡೆಯ ಸಮೇತ. ಹಾಳೆಯ ತಲೆಯಲ್ಲಿ ವಾರ, ಗಂಟೆ ಬರೆದು, ಪೆನ್ಸಿಲ್ ಊರಿಕೊಂಡು ಕೂತರು. ಎರಡನೇ ತಿರುವಿನಲ್ಲಿ ಅವರ ತಲೆ ತೊಟ್ಟಿಲಣ್ಣನ ಭುಜದ ಮೇಲೆ ಒರಗಿತು. ಆಚೆ ಮಗ್ಗುಲಿನಲ್ಲಿ ತಂಗಿ ಬಂದು ಮೊಣಕೈ ಹಿಡಿದು ಅಲುಗಾಡಿಸುವವರೆಗೂ ಏಳಲಿಲ್ಲ. ಆ ಹಾಳೆಯಲ್ಲಿ ವಾರ, ಗಂಟೆಯ ಕೆಳಗೆ ಒಂದಕ್ಷರವೂ ಇಲ್ಲ.